ಭಾರ ಹೊತ್ತ ಮೈ, ಭಾರ ಎತ್ತಿದ ಮೈ

ಮನೆಯ ನೆಲಕ್ಕೆ ಹಾಸಿದ ಶಹಾಬಾದಿನ ಕಲ್ಲಿನ ಮೇಲೆ ನಿತ್ಯವೂ ಓಡಾಡುವ ನಾವು, ಅದನ್ನು ಹೊತ್ತು ತಂದವರು ಯಾರೆಂದು ಯೋಚಿಸುವುದು ವಿರಳ. ಎರಡಡಿ ಉದ್ದ, ಎರಡಡಿ ಅಗಲ, ಒಂದಂಗುಲ ದಪ್ಪದ ಹಾಸುಗಲ್ಲೊಂದು ಸುಮಾರು ೨೪ ಕಿಲೋಗ್ರಾಂ ತೂಗುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿಯಲ್ಲಿ ಈ ಸುಣ್ಣಕಲ್ಲು ಹಾಳೆಯ ಮೇಲೆ ಹಾಳೆಯಿಟ್ಟಂತೆ ಮಲಗಿದೆ. ಅದನ್ನು ಗಣಿಯಿಂದ ಎಬ್ಬಿಸಿ ಲಾರಿಗೇರಿಸುವ ಕೂಲಿಕಾರನ ಕೈಯಲ್ಲಿ ಒಂದು ಹಗಲಿಗೆ ಇಂಥವು ಎಷ್ಟು ಸಾಗುತ್ತವೆಯೋ ಲೆಕ್ಕವಿಡುವವರಿಲ್ಲ. ಇತ್ತ ಆಡಕಿಯಂಥ ಹಳ್ಳಿಗಳ ತೊಗರಿ ಪೇಟೆಯ ಅಡತಿ ಅಂಗಡಿಗೆ ಬಂದಿಳಿಯುವಾಗ ಹಮಾಲರ ಬೆನ್ನೇ ಅದಕ್ಕೆ ವಾಹನ. ಸಿಮೆಂಟಿನ ಚೀಲವಂತೂ ಸರಿಯಾಗಿ ೫೦ ಕಿಲೋಗ್ರಾಂ. ಉತ್ತರ ಕರ್ನಾಟಕದಲ್ಲಿ ಭಾರವೆತ್ತುವುದು ದಿನದ ದುಡಿಮೆಯಷ್ಟೇ ಅಲ್ಲ, ಜಾತ್ರೆಯ ದಿನದ ಆಟವೂ ಹೌದು. ಗುಂಡುಕಲ್ಲನ್ನು ಹೆಗಲಿಗೇರಿಸಿದ ಜಟ್ಟಿಗೆ ಊರವರು ರುಮಾಲು ಸುತ್ತಿ ಹಲಿಗೆ ಬಾರಿಸುತ್ತಾರೆ. ಅಷ್ಟೇ ತೂಕವನ್ನು ಪ್ರತಿನಿತ್ಯ ಹೊತ್ತವನು ಐವತ್ತು ತುಂಬುವ ಮೊದಲೇ ಮೊಣಕಾಲು ಹಿಡಿದುಕೊಂಡು ಕುಳಿತುಕೊಳ್ಳುವುದೂ ಉಂಟು. ಒಂದೇ ಭಾರವು ಒಂದು ಮೈಯನ್ನು ಕಟ್ಟುತ್ತದೆ, ಇನ್ನೊಂದನ್ನು ಸವೆಸುತ್ತದೆ. ಇದು ಹೇಗೆ?

ಮೊದಲು ಸ್ನಾಯುವಿನ ಸ್ವಭಾವವನ್ನು ನೋಡೋಣ. ನಮ್ಮ ಶರೀರದಲ್ಲಿ ಆರುನೂರಕ್ಕೂ ಮಿಗಿಲಾದ ಸ್ನಾಯುಗಳಿವೆ. ಎಲುಬುಗಳನ್ನಾಡಿಸುವ ಈ ಸ್ನಾಯುಗಳಲ್ಲಿ ಯಾವುದಕ್ಕೂ ತಳ್ಳಲು ಬಾರದು. ಎಳೆಯುವುದೊಂದೇ ಅವುಗಳ ವಿದ್ಯೆ. ಆದುದರಿಂದಲೇ ಪ್ರಕೃತಿಯು ಅವನ್ನು ಜೋಡಿಜೋಡಿಯಾಗಿ ಇರಿಸಿದೆ. ತೋಳಿನ ಮುಂಭಾಗದ ಸ್ನಾಯು ಮೊಣಕೈಯನ್ನು ಮಡಚಿದರೆ, ಹಿಂಭಾಗದ್ದು ಅದನ್ನು ಚಾಚುತ್ತದೆ. ಒಂದು ಬಿಗಿಯುವಾಗ ಇನ್ನೊಂದು ಸಡಿಲಬೇಕು. ಈ ಬಿಗಿತದ ಒಳಗುಟ್ಟು ತಿಳಿದದ್ದು ೧೯೫೪ರಲ್ಲಿ. ಆಂಡ್ರೂ ಹಕ್ಸ್‌ಲಿ ಮತ್ತು ಹ್ಯೂ ಹಕ್ಸ್‌ಲಿ ಎಂಬಿಬ್ಬರು (ಮನೆತನದ ಹೆಸರು ಒಂದೇ ಆದರೂ ಇವರು ಬಂಧುಗಳಲ್ಲ) ತಂತಮ್ಮ ಸಹೋದ್ಯೋಗಿಗಳೊಡನೆ ಬೇರೆಬೇರೆಯಾಗಿ ದುಡಿದು ಒಂದೇ ನಿರ್ಣಯಕ್ಕೆ ಬಂದರು. ಸ್ನಾಯುವಿನೊಳಗೆ ಎರಡು ಬಗೆಯ ಅತಿಸೂಕ್ಷ್ಮ ಎಳೆಗಳಿವೆ. ಸ್ನಾಯು ಬಿಗಿದಾಗ ಆ ಎಳೆಗಳು ತಾವು ಕುಗ್ಗುವುದಿಲ್ಲ, ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದಂತೆ ಪರಸ್ಪರ ಜಾರಿ ಒಳಸೇರುತ್ತವೆ.

ಈ ಎಳೆತವು ಎಲುಬಿಗೆ ತಾಗುವ ಜಾಗವೊಂದು ವಿಚಿತ್ರ. ತೋಳಿನ ಮುಂಭಾಗದ ಸ್ನಾಯು ಮೊಣಕೈ ಕೀಲಿನಿಂದ ಕೇವಲ ನಾಲ್ಕೈದು ಸೆಂಟಿಮೀಟರ್ ಆಚೆಗೆ ಎಲುಬನ್ನು ಹಿಡಿದಿದೆ. ಅಂಗೈಯಲ್ಲಿರುವ ಭಾರವೋ ಮೂವತ್ತೈದು ಸೆಂಟಿಮೀಟರ್ ದೂರ. ಆದುದರಿಂದ ಮೊಣಕೈ ಮಡಚಿ ಹತ್ತು ಕಿಲೋಗ್ರಾಮಿನ ಚೀಲವನ್ನು ಹಿಡಿದು ನಿಂತರೆ ಆ ಸ್ನಾಯು ಎಪ್ಪತ್ತು ಎಂಬತ್ತು ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯುತ್ತಿರಬೇಕಾಗುತ್ತದೆ. ಇದು ನಷ್ಟದ ವ್ಯಾಪಾರವೆಂದು ತೋರಬಹುದು. ಆದರೆ ಸ್ನಾಯು ಒಂದಂಗುಲ ಬಿಗಿದರೆ ಅಂಗೈ ಏಳೆಂಟು ಅಂಗುಲ ಚಲಿಸುತ್ತದೆ. ಬಲವನ್ನು ತೆತ್ತು ವೇಗವನ್ನು ಕೊಂಡ ಯಂತ್ರವಿದು. ಚೆಂಡೆಸೆಯುವ, ಕೊಡಲಿ ಬೀಸುವ, ಭರತನಾಟ್ಯವಾಡುವ ಕೈಗೆ ಬೇಕಾದುದು ಅದೇ ತಾನೆ!

ಬೆನ್ನಿನದೂ ಇದೇ ಲೆಕ್ಕ. ಭಾರವು ಮೈಯಿಂದ ದೂರ ಸರಿದಷ್ಟೂ ಸೊಂಟದ ಸ್ನಾಯುಗಳ ಮೇಲಿನ ಹೊರೆ ಬಹುಪಾಲು ಹೆಚ್ಚುತ್ತದೆ. ಗುಂಡುಕಲ್ಲನ್ನು ಎತ್ತುವವನನ್ನು ಗಮನಿಸಿರಿ. ಅವನು ಅದನ್ನು ನೆಲದಿಂದ ನೇರವಾಗಿ ಹೆಗಲಿಗೆ ಎಸೆದುಕೊಳ್ಳುವುದಿಲ್ಲ. ಕುಕ್ಕರಿಸಿ, ಕಲ್ಲನ್ನು ತೊಡೆಯ ಮೇಲೆ ಉರುಳಿಸಿಕೊಂಡು, ಎದೆಗೆ ಅಪ್ಪಿ, ಬಳಿಕ ಕಾಲುಗಳ ಬಲದಿಂದ ಎದ್ದು ಹೆಗಲಿಗೆ ಸರಿಸುತ್ತಾನೆ. ಭೌತಶಾಸ್ತ್ರದ ಪುಸ್ತಕ ತೆರೆಯದೆಯೇ ಸನ್ನೆಗೋಲಿನ ನಿಯಮವನ್ನು ತೊಡೆಯಿಂದ ಕಲಿತವನು ಅವನು.

ಇಲ್ಲಿ ನಗರದ ತರುಣರು ಗಮನಿಸಬೇಕಾದ ಸಂಗತಿಯೊಂದಿದೆ. ಹಮಾಲರಲ್ಲಿ ಅನೇಕರು ಬಡಕಲು ಮೈಯವರು. ಚಿತ್ರಪಟದ ಭೀಮಸೇನನಂತೆ ಉಬ್ಬಿದ ತೋಳು ಅವರಿಗಿಲ್ಲ. ಆದರೂ ಅವರು ಹೊರುವ ಚೀಲವನ್ನು ವ್ಯಾಯಾಮಶಾಲೆಯಲ್ಲಿ ಬೆಳೆದ ತೋಳು ಹೊರಲಾರದೆ ತತ್ತರಿಸಬಹುದು. ಶಕ್ತಿಯು ಸ್ನಾಯುವಿನ ಗಾತ್ರದಲ್ಲಿ ಮಾತ್ರ ಇರುವುದಿಲ್ಲ. ಅದನ್ನು ಆಳುವ ನರಗಳಲ್ಲಿಯೂ ಇರುತ್ತದೆ. ಹೊಸದಾಗಿ ಸಾಮು ಆರಂಭಿಸಿದವನ ಬಲ ಮೊದಲ ಕೆಲವು ವಾರಗಳಲ್ಲಿಯೇ ಎದ್ದುಕಾಣುವಂತೆ ಹೆಚ್ಚುತ್ತದೆ. ಅಳತೆಪಟ್ಟಿ ಹಿಡಿದರೆ ತೋಳು ಇದ್ದಷ್ಟೇ ಇರುತ್ತದೆ. ಆ ವಾರಗಳಲ್ಲಿ ಬೆಳೆದದ್ದು ನರಗಳ ಜಾಣತನ. ಸ್ನಾಯುವಿನ ಹೆಚ್ಚು ಹೆಚ್ಚು ತಂತುಗಳನ್ನು ಏಕಕಾಲಕ್ಕೆ ಕೆಲಸಕ್ಕೆ ಕರೆಯುವುದನ್ನೂ, ಎದುರು ಸ್ನಾಯುವನ್ನು ಸುಮ್ಮನಿರಿಸುವುದನ್ನೂ ಅವು ಕಲಿತಿರುತ್ತವೆ. ಸ್ನಾಯು ದಪ್ಪವಾಗುವುದು ಆಮೇಲಿನ ಮಾತು.

ತಲೆಯ ಮೇಲೆ ಸಿಂಬೆಯಿಟ್ಟು ಕೊಡ ಹೊತ್ತು ಬರುವ ಹೆಣ್ಣುಮಕ್ಕಳ ನಡಿಗೆಯನ್ನು ನಮ್ಮ ಕವಿಗಳು ಸಾಕಷ್ಟು ವರ್ಣಿಸಿದ್ದಾರೆ. ವಿಜ್ಞಾನಿಗಳು ಅದನ್ನು ಅಳೆದುದು ತಡವಾಗಿ. ೧೯೮೬ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಸ್ತ್ರೀಯರನ್ನು ಕುರಿತದ್ದು. ತಮ್ಮ ತೂಕದ ಐದನೆಯ ಒಂದು ಪಾಲಿನಷ್ಟು ಹೊರೆಯನ್ನು ಹೊತ್ತು ನಡೆದಾಗ ಅವರು ಉಸಿರಾಟದಲ್ಲಿ ಬಳಸಿದ ಆಮ್ಲಜನಕ ಬರಿದಲೆಯಲ್ಲಿ ನಡೆದಾಗಿನಷ್ಟೇ ಇತ್ತು! ಅಭ್ಯಾಸವಿಲ್ಲದವರಿಗೆ ಹೊರೆ ಹೆಚ್ಚಿದಷ್ಟೂ ವೆಚ್ಚ ಹೆಚ್ಚುತ್ತದೆ. ಆ ಸ್ತ್ರೀಯರ ಗುಟ್ಟು ನಡಿಗೆಯಲ್ಲಿತ್ತು. ಹೆಜ್ಜೆಹೆಜ್ಜೆಗೂ ನಮ್ಮ ಮೈ ಗಡಿಯಾರದ ಲೋಲಕದಂತೆ ಏರಿ ಇಳಿಯುತ್ತದೆ. ಇಳಿಯುವಾಗ ದೊರೆತ ಶಕ್ತಿಯನ್ನು ಮುಂದಿನ ಏರಿಕೆಗೆ ಬಳಸಿಕೊಳ್ಳುವುದರಲ್ಲಿ ಬಾಲ್ಯದಿಂದ ಹೊರೆ ಹೊತ್ತವರು ನಮಗಿಂತ ನಿಪುಣರು.

ಹಾಗೆಂದು ಒಂದು ಅಭ್ಯಾಸದ ಫಲವನ್ನು ಇನ್ನೊಂದರ ಖಾತೆಗೆ ಬರೆದುಕೊಳ್ಳುವಂತಿಲ್ಲ. ಈ ಮಾತಿಗೆ ಕರಾವಳಿಯಲ್ಲೊಂದು ಸೊಗಸಾದ ನಿದರ್ಶನ ದೊರೆಯಿತು. ೨೦೨೦ನೆಯ ಇಸವಿ ಫೆಬ್ರವರಿ ೧ರಂದು ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ ೧೪೨.೫ ಮೀಟರ್ ಕೆಸರುಗದ್ದೆಯನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರು. ಯಾರೋ ಲೆಕ್ಕ ಕಟ್ಟಿ ನೂರು ಮೀಟರಿಗೆ ೯.೫೫ ಸೆಕೆಂಡು ಎಂದರು. ಜಮೈಕದ ಉಸೇನ್ ಬೋಲ್ಟ್ ೨೦೦೯ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ ೯.೫೮. ದೇಶವೆಲ್ಲ ಹುಚ್ಚೆದ್ದಿತು. ಕೇಂದ್ರದ ಕ್ರೀಡಾಮಂತ್ರಿಗಳು ಗೌಡರನ್ನು ಪರೀಕ್ಷೆಗೆ ಆಹ್ವಾನಿಸಿದರು. ಹೊಗಳಿಕೆಯ ಆ ಗದ್ದಲದಲ್ಲಿ ಸಮಚಿತ್ತದಿಂದ ಮಾತನಾಡಿದವರು ಗೌಡರೊಬ್ಬರೇ ಎಂದರೆ ತಪ್ಪಾಗದು. ಕಾಲಿಗೆ ಪೆಟ್ಟಾಗಿದೆ, ಅದಲ್ಲದೆ ಕಂಬಳವೇ ಬೇರೆ, ಓಟದ ಪಂದ್ಯವೇ ಬೇರೆ ಎಂದು ಅವರು ಹಿಂಜರಿದರು. ಕಂಬಳದಲ್ಲಿ ಹಿಮ್ಮಡಿಯ ಆಟ, ಅಲ್ಲಿ ಕಾಲ್ಬೆರಳಿನ ಆಟ ಎಂಬುದು ಅವರ ವಾದ. ಕೋಣಗಳ ಪಾಲನ್ನೂ ಅವರು ಮರೆಯಲಿಲ್ಲ.

ಇದಕ್ಕಿಂತ ಶಾಸ್ತ್ರೀಯವಾದ ಉತ್ತರವನ್ನು ಪ್ರಾಧ್ಯಾಪಕರೂ ಕೊಡಲಾರರು. ಗಟ್ಟಿನೆಲದ ಓಟಗಾರನು ಪಾದದ ಮುಂಭಾಗದಿಂದ ನೆಲವನ್ನೊದೆಯುತ್ತಾನೆ. ಹಿಮ್ಮಡಿಯ ಮೇಲಿನ ದಪ್ಪನಾದ ಸ್ನಾಯುರಜ್ಜು ಪ್ರತಿ ಹೆಜ್ಜೆಯಲ್ಲೂ ಸ್ಪ್ರಿಂಗಿನಂತೆ ಹಿಗ್ಗಿ, ಹಿಡಿದಿಟ್ಟ ಶಕ್ತಿಯನ್ನು ಮರಳಿಸುತ್ತದೆ. ಕುಸಿಯುವ ಕೆಸರಿನಲ್ಲಿ ಆ ಸ್ಪ್ರಿಂಗಿಗೆ ಒದೆಯಲು ಗಟ್ಟಿಯಾದ ಆಸರೆಯಿಲ್ಲ. ಜೊತೆಗೆ ಒಂದು ಕೈ ಹಗ್ಗದಲ್ಲಿ, ಮುಂದೆ ಎಳೆಯುವ ಎರಡು ಕೋಣಗಳು. ಆ ಎಳೆತಕ್ಕೆ ಮುಗ್ಗರಿಸದೆ ಹಿಂದಕ್ಕೆ ವಾಲಿ, ಕಾಲುಗಳನ್ನು ಮಿಂಚಿನಂತೆ ಕಿತ್ತಿಡಬೇಕು. ಎಷ್ಟೋ ವರ್ಷ ಸ್ಟಾರ್ಟಿಂಗ್ ಬ್ಲಾಕಿನಿಂದ ಚಿಮ್ಮಿದವನಿಗೆ ಇದು ಬಾರದು, ಇವರಿಗೆ ಅದು ಬಾರದು. ಮೈ ಏನನ್ನು ಮಾಡುತ್ತದೋ ಅದನ್ನೇ, ಅಷ್ಟನ್ನೇ ಕಲಿಯುತ್ತದೆ.

ಇನ್ನು ಕೀಲುಗಳ ವಿಷಯ. ಇಲ್ಲಿಯೇ ಜಟ್ಟಿಗೂ ಹಮಾಲನಿಗೂ ದಾರಿ ಕವಲೊಡೆಯುತ್ತದೆ. ಸ್ನಾಯುವಿನಲ್ಲಿ ರಕ್ತ ಧಾರಾಳವಾಗಿ ಹರಿಯುತ್ತದೆ. ಆದುದರಿಂದ ಅದು ಬೇಗ ಬೆಳೆಯುತ್ತದೆ, ಬೇಗ ಮಾಯುತ್ತದೆ. ಸ್ನಾಯುವನ್ನು ಎಲುಬಿಗೆ ಬಿಗಿದ ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ಗಟ್ಟಿಯಾಗುವುದು ನಿಧಾನ. ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗಂತೂ ರಕ್ತನಾಳವೇ ಇಲ್ಲ. ಕೀಲಿನೊಳಗಿನ ಅಂಟುದ್ರವದಿಂದಲೇ ಅದಕ್ಕೆ ಆಹಾರ: ಭಾರ ಬಿದ್ದಾಗ ಸ್ಪಂಜಿನಂತೆ ಹಿಂಡಿಕೊಂಡು, ಭಾರ ಇಳಿದಾಗ ಹೀರಿಕೊಳ್ಳುತ್ತದೆ. ಚಲನೆಯಿಲ್ಲದ ಕೀಲು ಸೊರಗುತ್ತದೆ. ಬಿಡುವಿಲ್ಲದ ಕೀಲು ಸವೆಯುತ್ತದೆ. ಮೂರು ತಿಂಗಳಲ್ಲಿ ತೋಳು ಉಬ್ಬಿತೆಂದು ದುಪ್ಪಟ್ಟು ತೂಕಕ್ಕೆ ಕೈಹಾಕಿದ ತರುಣನ ಭುಜ ಹಿಡಿದುಕೊಳ್ಳುವುದು ಈ ಕಾರಣದಿಂದಲೇ. ಎಂಜಿನು ದೊಡ್ಡದಾಯಿತು, ಕೀಲೆಣ್ಣೆಯ ಜಾಗಗಳು ಹಳೆಯವೇ ಉಳಿದವು.

ನಮ್ಮ ತಾಲೀಮುಖಾನೆಗಳ ಕ್ರಮ ಇದನ್ನು ಅರಿತೇ ಹುಟ್ಟಿದಂತಿದೆ. ಹೊಸ ಹುಡುಗನನ್ನು ಉಸ್ತಾದನು ನೇರವಾಗಿ ಕುಸ್ತಿಗೆ ಇಳಿಸುವುದಿಲ್ಲ. ಮೊದಲು ದಂಡ, ಬೈಠಕ್. ಅವುಗಳ ಎಣಿಕೆಯೂ ವಾರದಿಂದ ವಾರಕ್ಕೆ ಏರಬೇಕು. ಅಖಾಡದ ಮಣ್ಣನ್ನು ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಗೊಳಿಸಿ, ಅಗೆದು ಮೆದುಮಾಡುವುದೂ ಅವನದೇ ಕೆಲಸ; ಬಿದ್ದಾಗ ಪೆಟ್ಟನ್ನು ಮಣ್ಣೇ ನುಂಗುತ್ತದೆ. ಗದೆ ತಿರುಗಿಸುವುದರಿಂದ ಭುಜದ ಕೀಲು ಎಲ್ಲ ದಿಕ್ಕಿನಲ್ಲಿಯೂ ಹೊರಳುವುದನ್ನು ಕಲಿಯುತ್ತದೆ. ಎಲ್ಲವೂ ಸರಿಯೆಂದು ನಾನು ಹೇಳಲಾರೆ. ಸಾವಿರ ಬೈಠಕ್ಕಿನ ಹೆಮ್ಮೆಗೆ ಬಿದ್ದು ಮೊಣಕಾಲು ಕೆಡಿಸಿಕೊಂಡವರೂ ಇರಬಹುದು. ಮರುದಿನದ ಮೈಕೈ ನೋವು ಆಮ್ಲ ಸೇರಿದುದರಿಂದ ಬಂತೆಂಬ ಮಾತೂ ಈಗ ನಿಲ್ಲದು. ಅಭ್ಯಾಸವಿಲ್ಲದ ಎಳೆತಕ್ಕೆ ಸ್ನಾಯುತಂತುಗಳಲ್ಲಿ ಆದ ಅತಿಸಣ್ಣ ಹರುಕುಗಳೇ ಅದರ ಮೂಲವೆಂದು ತಿಳಿದಿದೆ. ಆದರೂ ಏರಿಕೆಯ ಕ್ರಮ, ಉಣಿಸು, ನಿದ್ರೆ ಈ ಮೂರನ್ನೂ ಉಸ್ತಾದನು ಬಿಡಿಸಿ ನೋಡಿದವನಲ್ಲ.

‘ಶಾಂತಲಾ’ ಕಾದಂಬರಿಯನ್ನೋದಿ ಕಣ್ಣೊರೆಸಿಕೊಂಡ ಎಷ್ಟು ಮಂದಿಗೆ, ಅದನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಅಂಗಸಾಧಕರೆಂದು ತಿಳಿದಿದೆಯೋ! ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಅವರು ಒಂದೇ ಪದ್ಧತಿಯಲ್ಲಿ ಸೇರಿಸಿದರು. ಬಲದೊಡನೆ ಬಾಗುವಿಕೆ ಬೇಕೆಂಬುದನ್ನು ೧೯೩೦ರ ದಶಕದಲ್ಲಿಯೇ ಒಪ್ಪಿದ್ದ ಊರು ನಮ್ಮದು.

ಈಗ ಹಮಾಲನ ಕಡೆ ತಿರುಗೋಣ. ಜಟ್ಟಿಯು ಎತ್ತಿದ ಕಲ್ಲನ್ನು ಕೆಳಗಿಟ್ಟು ಮನೆಗೆ ಹೋಗಿ ಬಾದಾಮಿ ಹಾಲು ಕುಡಿದು ಮಲಗುತ್ತಾನೆ. ಮೈ ಬೆಳೆಯುವುದು ಆ ನಿದ್ರೆಯಲ್ಲಿ. ಹಮಾಲನಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಭುಜ ನೋಯುತ್ತಿದೆಯೆಂದು ಎರಡು ದಿನ ಬಿಟ್ಟರೆ ಒಲೆ ಉರಿಯದು. ತೊಗರಿಯ ಸುಗ್ಗಿಯಲ್ಲಿ ಕೆಲಸ ಒಮ್ಮೆಗೇ ಮುಗಿಬೀಳುತ್ತದೆ. ಏರಿಕೆಯ ಕ್ರಮವೆಲ್ಲಿ ಬಂತು? ಒಂದೇ ಹೆಗಲಿನ ಮೇಲೆ, ಒಂದೇ ಕಡೆಗೆ ತಿರುಗಿ, ಒಂದೇ ಚಲನೆ. ಅವನ ನರಗಳು ಪರಮ ನಿಪುಣವಾಗಿವೆ, ಸ್ನಾಯು ಉಕ್ಕಿನಂತಿದೆ. ಹೀರಿಕೊಳ್ಳಲು ಬಿಡುವು ಸಿಕ್ಕದೆ ಬಳಲಿದ್ದು ಆ ರಕ್ತವಿಲ್ಲದ ಮೆತ್ತೆ.

ಲೋಕ ಇದನ್ನು ಕಾಣದೆ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ, ವಯಸ್ಕ ಗಂಡಾಳು ಹೊರುವ ಭಾರ ೫೫ ಕಿಲೋಗ್ರಾಮನ್ನು ಮೀರುವಲ್ಲಿ ಅದನ್ನು ಆದಷ್ಟು ಬೇಗ ಆ ಮಿತಿಗೆ ಇಳಿಸಬೇಕೆಂದು ಶಿಫಾರಸು ಮಾಡಿತು. ಹಿಂದೆ ಒಂದು ಕ್ವಿಂಟಲಿನ ಆಸುಪಾಸಿನಲ್ಲಿದ್ದ ಧಾನ್ಯದ ಚೀಲ ಈಗ ಬಹುಮಟ್ಟಿಗೆ ೫೦ ಕಿಲೋಗ್ರಾಮಿಗೆ ಇಳಿದಿದೆ. ಆದರೆ ಒಂದು ಚೀಲದ ತೂಕಕ್ಕೆ ಮಿತಿಯಿಟ್ಟರೆ ಸಾಲದು. ದಿನಕ್ಕೆ ಎಷ್ಟು ಚೀಲ, ನಡುವೆ ಎಷ್ಟು ಬಿಡುವು ಎಂಬುದನ್ನು ಯಾವ ತಕ್ಕಡಿಯೂ ತೂಗುವುದಿಲ್ಲ.

ನಮ್ಮಂಥ ಮನೆಗಳಲ್ಲಿ ಇದಕ್ಕೆ ಹತ್ತಿರದ ಹೊರೆಯೆಂದರೆ ಅಡಿಗೆಮನೆಯ ಅನಿಲದ ಸಿಲಿಂಡರು. ಅನಿಲವೇ ೧೪.೨ ಕಿಲೋಗ್ರಾಂ, ಕಬ್ಬಿಣವೂ ಸೇರಿ ಮೂವತ್ತರ ಹತ್ತಿರ. ನಿಂತಲ್ಲಿಂದಲೇ ಸೊಂಟ ಬಗ್ಗಿಸಿ ಕೈಚಾಚಿ ಎತ್ತಿದರೆ ಬೆನ್ನು ಆ ಮೂವತ್ತರ ಹತ್ತಾರು ಪಟ್ಟು ತೆರಬೇಕಾದೀತು. ಸಿಲಿಂಡರಿನ ಪಕ್ಕಕ್ಕೆ ಸರಿದು, ಪಾದಗಳನ್ನು ತುಸು ಅಗಲಿಸಿ ಕುಕ್ಕರಿಸಿ, ಅದನ್ನು ಮೈಗೆ ಒತ್ತಿಕೊಂಡು ತೊಡೆಗಳ ಬಲದಿಂದ ಏಳಬೇಕು; ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನು ತಿರುಗಿಸಬೇಕು. ಮುಂದಿನ ಸಲ ಅದನ್ನು ಮೂರನೆಯ ಅಂತಸ್ತಿಗೆ ಹೊತ್ತು ತಂದ ಹುಡುಗನು ಬಾಗಿಲಲ್ಲಿ ನಿಂತಾಗ, ಅವನು ಅದನ್ನು ಯಾವ ಹೆಗಲಿನಿಂದ ಇಳಿಸಿದನೆಂದು ನೋಡಿರಿ. ಒಂದು ಲೋಟ ನೀರು ಕೊಟ್ಟು ಎರಡು ನಿಮಿಷ ಕುಳ್ಳಿರಿಸಿದರೆ, ಆ ಮೊಣಕಾಲಿನ ಮೆತ್ತೆಗಳಿಗೆ ಅಷ್ಟಾದರೂ ಹೀರಿಕೊಳ್ಳುವ ಅವಕಾಶ.