ವಾಯುಸಖನ ಎದುರಿನಲ್ಲಿ

ಅಗ್ನಿಗೆ ನಮ್ಮ ಹಿರಿಯರು ‘ವಾಯುಸಖ’ನೆಂದು ಹೆಸರಿಟ್ಟರು. ಆ ಗೆಳೆತನದ ಉಗ್ರತೆಯನ್ನು ಅಮೆರಿಕದ ಪಶ್ಚಿಮ ಪ್ರಾಂತಗಳವರಷ್ಟು ಕಂಡವರು ವಿರಳ. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಶರತ್ಕಾಲ ಬಂದಿತೆಂದರೆ ಒಳನಾಡಿನ ಮರುಭೂಮಿಯಿಂದ ಕಡಲ ಕಡೆಗೆ ‘ಸಾಂಟಾ ಆನಾ’ ಎಂಬ ಒಣಗಾಳಿಯು ಇಳಿದುಬರುವುದು. ಕಣಿವೆಗಳಲ್ಲಿ ನುಗ್ಗಿ ಬಲಗೊಂಡ ಈ ಗಾಳಿಯು ಕೆಂಡಗಳನ್ನು ಹೊತ್ತೊಯ್ದು ದೂರದೂರದಲ್ಲಿ ಹೊಸ ಬೆಂಕಿಯನ್ನು ಹಚ್ಚುತ್ತದೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಆಸುಪಾಸಿನಲ್ಲಿ ಸಾವಿರಾರು ಮನೆಗಳು ಬೂದಿಯಾದಾಗ, ನೀರು ಸುರಿಯುವ ವಿಮಾನಗಳು ಕೂಡ ಗಾಳಿಗೆ ಹೆದರಿ ಕೆಲಕಾಲ ನೆಲದಲ್ಲಿಯೇ ನಿಲ್ಲಬೇಕಾಯಿತು.

ಆದುದರಿಂದ ಬೆಂಕಿಯನ್ನು ಎದುರಿಸುವ ಪಡೆಯ ಸಿದ್ಧತೆಯೆಲ್ಲ ಗಾಳಿ ಏಳುವುದಕ್ಕೆ ಮೊದಲೇ ಮುಗಿದಿರಬೇಕು. ಕಾಡುಬೆಂಕಿಯ ಮುಂಚೂಣಿಗೆ ಹೋಗುವವನು ಪ್ರತಿವರ್ಷವೂ ಸುಮಾರು 20 ಕಿಲೋ ಹೊರೆ ಹೊತ್ತು, ಐದು ಕಿಲೋಮೀಟರಿಗೆ ತುಸು ಕಡಮೆ ದೂರವನ್ನು 45 ನಿಮಿಷಗಳಲ್ಲಿ ನಡೆದು ತೋರಿಸಬೇಕು; ಓಡಕೂಡದು. ಸೊಂಟದಲ್ಲಿ ಕಟ್ಟಿಕೊಂಡ ಅಲ್ಯೂಮಿನಿಯಂ ಹೊದಿಕೆಯ ಪುಟ್ಟ ಗುಡಾರವನ್ನು ಕ್ಷಣಮಾತ್ರದಲ್ಲಿ ಬಿಡಿಸಿ, ಒಳಹೊಕ್ಕು, ನೆಲಕ್ಕೆ ಮುಖವಿಟ್ಟು ಮಲಗುವುದನ್ನೂ ಅಭ್ಯಾಸಮಾಡಬೇಕು. ಅದು ಕಟ್ಟಕಡೆಯ ಆಸರೆ. ಅದನ್ನು ನಂಬಿ ಮುಂದೆ ನುಗ್ಗುವವನು ಅವಿವೇಕಿಯೇ ಸರಿ.

ಮೈಯನ್ನು ಪಳಗಿಸುವುದು ಸುಲಭ. ಮನಸ್ಸನ್ನು ಪಳಗಿಸುವುದು ಹಾಗಲ್ಲ. 1949ರ ಆಗಸ್ಟ್ 5ರಂದು ಮಾಂಟಾನ ಪ್ರಾಂತದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ನಡೆದುದನ್ನು ಕೇಳಿರಿ. ಬೆಂಕಿಯನ್ನು ಆರಿಸಲೆಂದು 15 ಮಂದಿ ವಿಮಾನದಿಂದ ಧುಮುಕಿದರು. ಕೆಳಗೆ ಕಾವಲುಗಾರನೊಬ್ಬನು ಅವರನ್ನು ಕೂಡಿಕೊಂಡನು. ಗಾಳಿಯ ಬಲದಿಂದ ಬೆಂಕಿಯು ಕಣಿವೆಯನ್ನು ದಾಟಿ, ಅವರು ನದಿಗೆ ಇಳಿಯುವ ದಾರಿಯನ್ನೇ ಕಟ್ಟಿತು. ಒಣಹುಲ್ಲಿನ ಕಡಿದಾದ ಇಳಿಜಾರನ್ನೇರಿ ಎಲ್ಲರೂ ಓಡತೊಡಗಿದರು. ನಾಯಕ ವ್ಯಾಗ್ನರ್ ಡಾಡ್ಜ್ ಥಟ್ಟನೆ ನಿಂತು, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿಯಿಟ್ಟನು! ಸುಟ್ಟ ನೆಲದಲ್ಲಿ ಮಲಗಿದರೆ ಹಿಂದಿನಿಂದ ಬರುವ ಬೆಂಕಿಗೆ ಅಲ್ಲಿ ಆಹಾರವಿರದೆಂಬುದು ಅವನ ಯೋಚನೆ. ಬನ್ನಿರೆಂದು ಕೂಗಿದನು. ಒಬ್ಬನೂ ಬರಲಿಲ್ಲ. ಅಂತಹ ಉಪಾಯವನ್ನು ಅವರಿಗೆ ಯಾರೂ ಕಲಿಸಿರಲಿಲ್ಲವಷ್ಟೆ; ನಾಯಕನಿಗೆ ಬುದ್ಧಿ ಕೆಟ್ಟಿತೆಂದು ತೋರಿದ್ದರೆ ಆಶ್ಚರ್ಯವೇನು? ಡಾಡ್ಜ್ ಬೂದಿಯಲ್ಲಿ ಮಲಗಿ ಬದುಕಿದನು. ಬಂಡೆಯ ಬಿರುಕಿನಲ್ಲಿ ನುಸುಳಿ ಶಿಖರವನ್ನು ದಾಟಿದ ಇಬ್ಬರು ಉಳಿದರು. 13 ಮಂದಿ ಮಡಿದರು.

1957ರಲ್ಲಿ ಇಂತಹ ದುರಂತಗಳನ್ನೆಲ್ಲ ಪರಿಶೀಲಿಸಿ ಹತ್ತು ಆಜ್ಞೆಗಳನ್ನು ಗೊತ್ತುಮಾಡಿದರು. ಅವು ಇಂದಿಗೂ ಬಳಕೆಯಲ್ಲಿವೆ. ಗಾಳಿ-ಹವೆಯ ವರ್ತಮಾನವನ್ನು ತಿಳಿದಿರಬೇಕು, ಪಾರಾಗುವ ದಾರಿಯನ್ನು ಮೊದಲೇ ಗುರುತಿಸಿ ಎಲ್ಲರಿಗೂ ತಿಳಿಸಿರಬೇಕು, ಅಪಾಯವಿರುವೆಡೆ ಕಾವಲುಗಾರನನ್ನು ನಿಲ್ಲಿಸಬೇಕು ಎಂಬುವು ಅವುಗಳಲ್ಲಿ ಕೆಲವು. ನಾಯಕನಾದವನು ಸ್ಪಷ್ಟವಾಗಿ ಹೇಳಿದರೆ ಸಾಲದು, ಕೇಳಿದವನಿಗೆ ಅದು ಅರ್ಥವಾಯಿತೆಂಬುದನ್ನೂ ನಿಶ್ಚಯಮಾಡಿಕೊಳ್ಳಬೇಕೆಂಬುದು ಇನ್ನೊಂದು.