ಬಳಸಿದ ನೀರಿನ ಹೊಣೆ

ಮನೆಯ ಬಾಗಿಲಿಗೆ ನಲ್ಲಿಯ ನೀರು ಬಂದಾಗ ನಾವೆಲ್ಲರೂ ಹರ್ಷಪಡುತ್ತೇವೆ. ಬಳಸಿದ ಬಳಿಕ ಆ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ವಿಚಾರಿಸುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಜನರಿಗೆ ತಲಾ 55 ಲೀಟರ್ ನೀರನ್ನು ದಿನವೂ ಒದಗಿಸುವ ಗುರಿ ಹೊಂದಿದೆ. 500 ಜನರಿರುವ ಒಂದು ಹಳ್ಳಿಗೆ ಇದು 27,500 ಲೀಟರ್ ಆಗುತ್ತದೆ. ಅದರ ಮುಕ್ಕಾಲು ಪಾಲು ಬಚ್ಚಲಿನಿಂದ ಹೊರಬಿದ್ದರೂ ದಿನಕ್ಕೆ 20,000 ಲೀಟರಿಗೂ ಅಧಿಕ ಕೊಳಚೆ ನೀರು ಬೀದಿಗೆ ಸೇರುತ್ತದೆ. ದೂರದ ಸಣ್ಣ ಊರಿಗೆ ನಗರದಂತಹ ಒಳಚರಂಡಿ ಬರುವುದು ದುರ್ಲಭ. ಯಂತ್ರಗಳ ಘಟಕ ಬಂದರೂ ಅದರ ವಿದ್ಯುತ್ತಿನ ವೆಚ್ಚವನ್ನು ಊರು ಭರಿಸಲಾರದು.

ನಿಂತ ಕೊಳಚೆಯಲ್ಲಿ ಕ್ಯೂಲೆಕ್ಸ್ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳನ್ನು ಬಹುಕಾಲ ಕಾಡಿದ ಆನೆಕಾಲು ರೋಗವನ್ನು ಹರಡುವುದು ಈ ಸೊಳ್ಳೆಯೇ. ಮಲಮಿಶ್ರಿತ ನೀರು ಬಾವಿ ಅಥವಾ ಕೊಳವೆಬಾವಿಯನ್ನು ಸೇರಿದರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ತಲೆದೋರುತ್ತವೆ. ಇವುಗಳಿಗೆ ಮೊದಲು ತುತ್ತಾಗುವವರು ಎಳೆಯ ಮಕ್ಕಳು.

ಆದರೆ ಕೊಳಚೆಯನ್ನು ಶುದ್ಧಗೊಳಿಸುವ ಕಾರ್ಯವನ್ನು ನಿಸರ್ಗವೇ ಮಾಡಬಲ್ಲದು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಕೊಳೆಯನ್ನು ಆಹಾರವಾಗಿಸಿಕೊಳ್ಳುತ್ತವೆ. ಅವುಗಳಿಗೆ ಗಾಳಿ, ಕಾಲಾವಕಾಶ ಮತ್ತು ಸ್ಥಳ ದೊರೆತರೆ ದುರ್ವಾಸನೆಯಿಲ್ಲದೆ ನೀರು ತಿಳಿಯಾಗುತ್ತದೆ.

ಕೆಂಪುಮಣ್ಣಿನ ಊರುಗಳಲ್ಲಿ ಬಚ್ಚಲು ನೀರಿಗೆ ಇಂಗುಗುಂಡಿ ಸಾಕು. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಅಡಿಯಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು ತುಂಬಬೇಕು. ನೀರು ಗುಂಡಿ ಸೇರುವ ಮುನ್ನ ಅನ್ನದಗುಳು, ಜಿಡ್ಡು, ಕೂದಲು ತಡೆಯುವ ಸಣ್ಣ ತೊಟ್ಟಿಯೊಂದಿರಬೇಕು; ವಾರಕ್ಕೊಮ್ಮೆ ಅದನ್ನು ಶುಚಿಗೊಳಿಸದಿದ್ದರೆ ಗುಂಡಿ ಕಟ್ಟಿಕೊಳ್ಳುತ್ತದೆ. ಎರೆಭೂಮಿಯಲ್ಲಿ ನೀರು ಬೇಗ ಇಂಗದು. ಅಲ್ಲಿ ಬಾಳೆ, ಕೆಸುಗಳ ಕೈತೋಟಕ್ಕೆ ನೀರು ಹರಿಸುವುದು, ಇಡೀ ಊರಿನ ನೀರನ್ನು ಒಂದರಿಂದೊಂದಕ್ಕೆ ಹರಿಯುವ ಕೊಳಗಳಲ್ಲಿ ಹಲವು ದಿನ ನಿಲ್ಲಿಸುವುದು ಮೇಲು. ಮೊದಲ ಕೊಳದಲ್ಲಿ ಕಸರು ತಳ ಸೇರುತ್ತದೆ. ಮುಂದಿನವುಗಳಲ್ಲಿ ಪಾಚಿ ಆಮ್ಲಜನಕ ನೀಡುತ್ತದೆ, ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಕೊಳದ ಅಂಚಿನಲ್ಲಿ ಕಳೆ ಬೆಳೆಯಗೊಡದಿದ್ದರೆ ಸೊಳ್ಳೆಗೆ ಆಶ್ರಯವಿರದು. ಈ ನೀರು ಗಿಡಮರಗಳಿಗೆ ಯೋಗ್ಯ, ಕುಡಿಯಲು ಸರ್ವಥಾ ಅಲ್ಲ.

ಶೌಚಾಲಯಕ್ಕೆ ಎರಡು ಗುಂಡಿಯ ಕ್ರಮ ಉತ್ತಮ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಬೇಕು. ಮುಚ್ಚಿದ್ದು ಎರಡು ವರ್ಷಗಳಲ್ಲಿ ಒಣಗಿ, ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಚ್ಚಲು ನೀರನ್ನು ಈ ಗುಂಡಿಗೆ ಬಿಡಬಾರದು. ಕುಡಿಯುವ ನೀರಿನ ಬಾವಿಯಿಂದ ಸಾಧ್ಯವಾದಷ್ಟೂ 30 ಮೀಟರ್ ದೂರವಿರಬೇಕು.

ಇಲ್ಲಿ ಆರೋಗ್ಯದಷ್ಟೇ ಗುರುತರವಾದ ಇನ್ನೊಂದು ವಿಚಾರವಿದೆ. ಸೆಪ್ಟಿಕ್ ಟ್ಯಾಂಕಿನೊಳಗಿನ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯಬಲ್ಲದು. ಮಲ ಬಾಚಲು ಮನುಷ್ಯರನ್ನು ನೇಮಿಸುವುದನ್ನೂ, ರಕ್ಷಣೆಯಿಲ್ಲದೆ ಟ್ಯಾಂಕಿಗೆ ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಸವಾದಿ ಶರಣರು ಸಾರಿದ್ದು ನಿಜ. ಹಾಗೆಂದು ನಮ್ಮ ಹೊಲಸಿಗೆ ಮತ್ತೊಬ್ಬರ ಜೀವವನ್ನು ಒಡ್ಡುವುದನ್ನು ಕಾಯಕವೆಂದು ಕರೆಯಲಾಗದು. ಟ್ಯಾಂಕು ತುಂಬಿದರೆ ಹೀರುಯಂತ್ರದ ವಾಹನವನ್ನೇ ಕರೆಸಬೇಕು. ಎರಡು ಗುಂಡಿಯ ಶೌಚಾಲಯವಿದ್ದಲ್ಲಿ ಹಸಿ ಮಲವನ್ನು ಯಾರೂ ಮುಟ್ಟಬೇಕಾಗಿಲ್ಲ.

ದಾಸೋಹದಲ್ಲಿ ಪ್ರಸಾದವನ್ನು ವ್ಯರ್ಥ ಮಾಡಬಾರದೆಂಬ ಎಚ್ಚರ ನಮಗಿದೆ. ಕೈತೊಳೆದ ನೀರಿನ ಬಗೆಗೂ ಅದೇ ಎಚ್ಚರ ಮೂಡಲಿ. ಇಂದೇ ನಮ್ಮ ಮನೆಯ ಹಿತ್ತಲಿಗೆ ಹೋಗಿ, ಬಚ್ಚಲಿನ ನೀರು ಯಾರ ಅಂಗಳಕ್ಕೆ ಹರಿಯುತ್ತಿದೆ ಎಂಬುದನ್ನು ನೋಡೋಣ. ಗುಂಡಿ ತೋಡಬೇಕಾದ ಜಾಗ ಅಲ್ಲಿಯೇ ತಿಳಿಯುತ್ತದೆ.