ಕಿರೀಟಕ್ಕೂ ಮುನ್ನ ಮುಗಿದಿರುವ ಲೆಕ್ಕ

ಹೈದರಾಬಾದಿನ ಉಪ್ಪಲ್‌ನ ರಾಜೀವ್ ಗಾಂಧಿ ಕ್ರೀಡಾಂಗಣದಲ್ಲಿ 2025ರ ಮೇ 20 ಮತ್ತು 21ರಂದು ಐಪಿಎಲ್‌ನ ಎರಡು ಪ್ಲೇಆಫ್ ಪಂದ್ಯಗಳು ನಡೆಯಬೇಕಿತ್ತು. ಗಡಿಯಲ್ಲಿ ಸಂಘರ್ಷ ಬಿಗಡಾಯಿಸಿ ಮೇ 9ರಂದು ಟೂರ್ನಿ ನಿಂತಿತು. ಮತ್ತೆ ಶುರುವಾದಾಗ ಆ ಪಂದ್ಯಗಳು ಪಂಜಾಬಿನ ಮುಲ್ಲನ್‌ಪುರದ ಪಾಲಾದವು. ಆದರೆ ನಗರದ ಪಶ್ಚಿಮ ತುದಿಯ ಗಚ್ಚಿಬೌಲಿಯಲ್ಲಿ ಮೇ 10ರ ಸಂಜೆ 72ನೇ ಮಿಸ್ ವರ್ಲ್ಡ್ ಸ್ಪರ್ಧೆ ನಿಗದಿಯಂತೆ ಉದ್ಘಾಟನೆಯಾಯಿತು. ಒಟ್ಟು 108 ಸ್ಪರ್ಧಿಗಳು. ಉಪ್ಪಲ್‌ನಲ್ಲಿ ಮೆಟ್ರೊದ ನೀಲಿ ಮಾರ್ಗ ಹತ್ತಿದರೆ ಕೊನೆಯ ನಿಲ್ದಾಣ ರಾಯದುರ್ಗ. ಸ್ಪರ್ಧೆಯ ಹೆಚ್ಚಿನ ಸುತ್ತುಗಳು ನಡೆದದ್ದು ಅದರ ಆಸುಪಾಸಿನಲ್ಲೇ.

ಟಿವಿಯಲ್ಲಿ ನೋಡುವವರಿಗೆ ಇದು ಒಂದು ರಾತ್ರಿಯ ಆಟ. ನಿಜಕ್ಕೂ ಹಲವು ಕುರ್ಚಿಗಳು ಆ ರಾತ್ರಿಗೆ ಮೊದಲೇ ಭರ್ತಿಯಾಗಿರುತ್ತವೆ, ಅದೂ ಖಂಡವಾರು ಮೀಸಲಾಗಿ.

ಮೊದಲ ಮೆಟ್ಟಿಲು ಪರವಾನಗಿ. ಪ್ರತಿ ದೇಶದಲ್ಲೂ ಒಂದು ಸಂಸ್ಥೆ ಮಿಸ್ ವರ್ಲ್ಡ್‌ನಿಂದ ಹಕ್ಕು ಪಡೆದು ತನ್ನ ಪ್ರತಿನಿಧಿಯನ್ನು ಕಳಿಸುತ್ತದೆ. ಭಾರತದಲ್ಲಿ ಆ ಕೆಲಸ ಫೆಮಿನಾ ಮಿಸ್ ಇಂಡಿಯಾದ್ದು. 2022ರಲ್ಲಿ ಕರ್ನಾಟಕದ ಪ್ರತಿನಿಧಿಯಾಗಿ ಆ ಕಿರೀಟ ಗೆದ್ದ ಸಿನಿ ಶೆಟ್ಟಿ, 2024ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಕೊನೆಯ ಎಂಟರವರೆಗೆ ಹೋಗಿದ್ದರು. ಹೈದರಾಬಾದಿಗೆ ಬಂದದ್ದು 2023ರ ವಿಜೇತೆ, ರಾಜಸ್ಥಾನದ ಕೋಟಾದ ನಂದಿನಿ ಗುಪ್ತಾ.

ಇಲ್ಲಿಂದ ಲೆಕ್ಕ ಶುರು. 2025ರಲ್ಲಿ ಜಗತ್ತನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದರು: ಆಫ್ರಿಕಾ, ಅಮೆರಿಕ ಮತ್ತು ಕೆರಿಬಿಯನ್, ಏಷ್ಯಾ ಮತ್ತು ಓಷಿಯಾನಿಯಾ, ಯುರೋಪ್. ಪ್ರತಿ ವಲಯದಿಂದ ಹತ್ತು ಮಂದಿಯಂತೆ 40 ಜನ ಕ್ವಾರ್ಟರ್‌ಫೈನಲ್‌ಗೆ. ಅಲ್ಲಿಂದ ಐದೈದರಂತೆ 20, ಇಬ್ಬಿಬ್ಬರಂತೆ 8, ಕೊನೆಗೆ ಒಬ್ಬೊಬ್ಬರಂತೆ 4. ಆ 40ರಲ್ಲಿ ಕೆಲವು ಜಾಗಗಳನ್ನು ಮೂರು ವಾರಗಳ ಉದ್ದಕ್ಕೂ ನಡೆದ ಕ್ರೀಡೆ, ಪ್ರತಿಭೆ, ಟಾಪ್ ಮಾಡೆಲ್, ಮಲ್ಟಿಮೀಡಿಯಾ, ಮುಖಾಮುಖಿ ಭಾಷಣ, ಸಮಾಜಸೇವೆಯ ಸುತ್ತುಗಳಲ್ಲಿ ನೇರವಾಗಿ ಗೆಲ್ಲಬಹುದಿತ್ತು. ಉಳಿದವನ್ನು ತೀರ್ಪುಗಾರರು ತುಂಬಿದರು.

ಈ ನಿಯಮ ಗೊತ್ತಿದ್ದರೆ ನಂದಿನಿಯ ಸೋಲು ಸ್ಪಷ್ಟವಾಗುತ್ತದೆ. ಟಾಪ್ ಮಾಡೆಲ್ ಸುತ್ತಿನಲ್ಲಿ ಏಷ್ಯಾ ವಲಯ ಗೆದ್ದು ಅವರು ಮುಂಚೆಯೇ ಜಾಗ ಹಿಡಿದಿದ್ದರು, 20ರೊಳಗೂ ಬಂದರು. ಆಮೇಲೆ ಅವರು ಎದುರಿಸಬೇಕಿದ್ದದ್ದು ಇಡೀ ಜಗತ್ತನ್ನಲ್ಲ, ತಮ್ಮ ವಲಯದ ನಾಲ್ವರನ್ನು. ಎರಡು ಜಾಗ ಥಾಯ್ಲೆಂಡ್ ಮತ್ತು ಫಿಲಿಪ್ಪೀನ್ಸ್‌ಗೆ ಹೋದವು. ಮೇ 31ರಂದು ಹೈಟೆಕ್ಸ್ ಸಭಾಂಗಣದಲ್ಲಿ ಕೊನೆಗೆ ನಿಂತವರು ಥಾಯ್ಲೆಂಡ್, ಇಥಿಯೋಪಿಯಾ, ಪೋಲೆಂಡ್, ಮಾರ್ಟಿನಿಕ್, ವಲಯಕ್ಕೊಬ್ಬರು. ಸೌಂದರ್ಯವರ್ಧಕಗಳ ದೊಡ್ಡ ಮಾರುಕಟ್ಟೆಯಿರುವ ದೇಶಗಳೇ ಎಲ್ಲವನ್ನೂ ಬಾಚಿಕೊಳ್ಳದಂತೆ ತಡೆಯುವ ಈ ಹಂಚಿಕೆ ನನಗೆ ಸರಿಯೆನಿಸುತ್ತದೆ. ಇಥಿಯೋಪಿಯಾದ ಹಸೆಟ್ ದೆರೆಜೆ ಎರಡನೇ ಸ್ಥಾನಕ್ಕೆ ಬಂದದ್ದು ಅದರಿಂದ ಸಾಧ್ಯವಾದ ಮಾತು.

ಗೆದ್ದ ಓಪಲ್ ಸುಚಾತಾ ಚುವಾಂಗ್‌ಸ್ರಿ ಥಾಯ್ಲೆಂಡಿಗೆ ಈ ಕಿರೀಟ ತಂದ ಮೊದಲಿಗರು. ಹದಿನಾರನೇ ವಯಸ್ಸಿನಲ್ಲಿ ಸ್ತನದ ಗಂಟೊಂದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅವರು ಸ್ತನ ಕ್ಯಾನ್ಸರ್ ಜಾಗೃತಿಯನ್ನೇ ತಮ್ಮ ಸೇವಾ ಯೋಜನೆಯಾಗಿಸಿಕೊಂಡಿದ್ದರು. 2024ರ ಮಿಸ್ ಯೂನಿವರ್ಸ್‌ನಲ್ಲಿ ಮೂರನೇ ರನ್ನರ್ ಅಪ್ ಆಗಿದ್ದವರು, ಮಿಸ್ ವರ್ಲ್ಡ್‌ಗೆ ಇಳಿದದ್ದರಿಂದ ಆ ಪಟ್ಟವನ್ನು ಬಿಟ್ಟುಕೊಡಬೇಕಾಯಿತು. ಎರಡೂ ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಒಪ್ಪಂದಗಳು.

ಆತಿಥ್ಯದ ಖರ್ಚು ಇನ್ನೊಂದು ಕಥೆ. ತೆಲಂಗಾಣ ಪ್ರವಾಸೋದ್ಯಮ ಇಲಾಖೆ ಹೇಳಿದ ಮೊತ್ತ 54 ಕೋಟಿ ರೂಪಾಯಿ, ಅರ್ಧ ಸರ್ಕಾರದ್ದು, ಅರ್ಧ ಸಂಘಟಕರದ್ದು. ಪ್ರತಿಯಾಗಿ ಸರ್ಕಾರ ಕೇಳಿದ್ದು ಪ್ರಚಾರ. ಆದ್ದರಿಂದಲೇ ಸ್ಪರ್ಧಿಗಳು ಚಾರ್ಮಿನಾರ್ ಬಳಿಯ ಲಾಡ್ ಬಜಾರ್‌ನಲ್ಲಿ ಬಳೆ ನೋಡಿದರು, ಪೋಚಂಪಲ್ಲಿಯ ಮಗ್ಗಗಳ ಮುಂದೆ ನಿಂತರು, ಯಾದಗಿರಿಗುಟ್ಟಕ್ಕೂ ವರಂಗಲ್‌ಗೂ ಹೋದರು. 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕಾಕತೀಯರ ರಾಮಪ್ಪ ಗುಡಿಯಲ್ಲಿ ಸ್ಥಳೀಯ ಹೆಣ್ಣುಮಕ್ಕಳಿಂದ ಅತಿಥಿಗಳ ಪಾದಕ್ಕೆ ನೀರು ಹಾಕಿಸಿ ಒರೆಸಿಸಿದ ದೃಶ್ಯ ಹೊರಬಂದಾಗ ಟೀಕೆಯ ಮಳೆ ಸುರಿಯಿತು. ಅದು ಸುರಿಯಲೇಬೇಕಿತ್ತು. ಕಾಲು ತೊಳೆಯಲು ನೀರು ಕೊಡುವುದು ನಮ್ಮ ಸೀಮೆಯ ಮರ್ಯಾದೆ. ಕ್ಯಾಮೆರಾ ಮುಂದೆ ಬಡ ಹೆಣ್ಣುಮಕ್ಕಳನ್ನು ಬಗ್ಗಿಸುವುದು ಮರ್ಯಾದೆಯಲ್ಲ.

ಕನ್ನಡಿಗರಿಗೆ ಈ ವಿವಾದಗಳು ಹೊಸವಲ್ಲ. 1996ರ ನವೆಂಬರ್ 23ರಂದು ಇದೇ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಏರ್ಪಡಿಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್, ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲ್. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಒಂದು ಕಡೆ, ಮಹಿಳಾ ಸಂಘಟನೆಗಳು ಇನ್ನೊಂದು ಕಡೆ ಬೀದಿಗಿಳಿದವು. ಈಜುಡುಗೆ ಸುತ್ತು ಸೆಷಲ್ಸ್ ದ್ವೀಪಕ್ಕೆ ಹೋಯಿತು. ಬಿಗಿ ಪೊಲೀಸ್ ಕಾವಲಿನಲ್ಲಿ ಗ್ರೀಸ್‌ನ ಐರಿನ್ ಸ್ಕ್ಲಿವಾ ಗೆದ್ದರು. 2014ರ ಕೊನೆಗೆ ಮಿಸ್ ವರ್ಲ್ಡ್ ತಾನಾಗಿಯೇ ಈಜುಡುಗೆ ಸುತ್ತನ್ನು ಕೈಬಿಡುವುದಾಗಿ ಸಾರಿತು. ಬೆಂಗಳೂರಿನ ಬೀದಿಗಳಲ್ಲಿ ಕೇಳಿದ ಪ್ರಶ್ನೆಯಲ್ಲಿ ಹುರುಳಿತ್ತು ಎಂದೇ ನಾನು ಓದುತ್ತೇನೆ.

ಹೈದರಾಬಾದಿನಲ್ಲಿ ಪ್ರಶ್ನೆ ಸ್ಪರ್ಧಿಗಳ ಒಳಗಿನಿಂದಲೇ ಎದ್ದಿತು. ಇಂಗ್ಲೆಂಡಿನ ಮಿಲ್ಲಾ ಮ್ಯಾಗಿ ಮೇ ಮಧ್ಯದಲ್ಲಿ ಊರಿಗೆ ಮರಳಿದರು. ಪ್ರಾಯೋಜಕರನ್ನು ರಂಜಿಸಲು ತಮ್ಮನ್ನು ಕೂರಿಸಲಾಗಿತ್ತೆಂದು ಬಳಿಕ ಬ್ರಿಟಿಷ್ ಪತ್ರಿಕೆಗೆ ಹೇಳಿದರು. ಸಂಘಟಕರು ಆರೋಪ ಅಲ್ಲಗಳೆದರು, ರಾಜ್ಯ ಸರ್ಕಾರ ವಿಚಾರಣೆಗೆ ಆದೇಶಿಸಿತು. ಸ್ಪರ್ಧೆ ನಿಲ್ಲಲಿಲ್ಲ. ಪರವಾನಗಿ ಪದ್ಧತಿಯಲ್ಲಿ ಜಾಗ ದೇಶದ್ದೇ ಹೊರತು ವ್ಯಕ್ತಿಯದ್ದಲ್ಲವಾದ್ದರಿಂದ, ಮಿಸ್ ಇಂಗ್ಲೆಂಡ್ ಸ್ಪರ್ಧೆಯ ರನ್ನರ್ ಅಪ್ ಶಾರ್ಲಟ್ ಗ್ರಾಂಟ್ ವಿಮಾನವೇರಿ ಬಂದು ಉಳಿದ ಸುತ್ತುಗಳಲ್ಲಿ ಭಾಗವಹಿಸಿದರು.